ಸೊಂಟದ ಮೂಳೆ ಪ್ರಿಂಟ್ ಆಗುತ್ತದೆ, ಸ್ನಾಯು ಆಗುವುದಿಲ್ಲ

'ಕ್ಯಾನ್ಸರ್ ಬಂದ ಸೊಂಟದ ಮೂಳೆ ತೆಗೆದು, ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಮೂಳೆ ಕೂರಿಸಿದರು, ರೋಗಿ ಎದ್ದು ನಡೆದರು!' ಇಂಥ ಸುದ್ದಿ ಬಂದಾಗಲೆಲ್ಲ ಯಾರಾದರೂ ನನ್ನನ್ನು ಟ್ಯಾಗ್ ಮಾಡುತ್ತಾರೆ. ಫಿಸಿಯೋಥೆರಪಿಸ್ಟ್ ಆದ್ದರಿಂದ ಖುಷಿಯೂ ಆಗುತ್ತದೆ. ಆದರೆ ಅದನ್ನೇ ಓದಿಕೊಂಡು ಬಂದ ಮನೆಯವರು 'ನಮ್ಮವರಿಗೂ ಅದನ್ನೇ ಹಾಕ್ತಾರಲ್ವಾ?' ಎಂದಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ಸೊಂಟದ ಮೂಳೆಗೆಲ್ಲ ಒಂದೇ ಲೆಕ್ಕ ನಡೆಯುವುದಿಲ್ಲ. 1978ರಲ್ಲಿ ಮೂಳೆ ಸರ್ಜನ್‌ಗಳಾದ ಎನ್ನೆಕಿಂಗ್ ಮತ್ತು ಡನ್‌ಹ್ಯಾಮ್ ಇದನ್ನು ಭಾಗ ಮಾಡಿ ತೋರಿಸಿದ್ದನ್ನೇ ಸರ್ಜನ್‌ಗಳು ಇವತ್ತಿಗೂ ಬಳಸುತ್ತಾರೆ. ಮುಂಭಾಗದ ಮೂಳೆ (ಪ್ಯೂಬಿಸ್) ತೆಗೆದರೆ ಸಾಮಾನ್ಯವಾಗಿ ಅಲ್ಲಿ ಲೋಹ ಕೂರಿಸುವ ಅಗತ್ಯವೇ ಬೀಳುವುದಿಲ್ಲ. ಕಷ್ಟ ಇರುವುದು ತೊಡೆಮೂಳೆಯ ತಲೆ ಕೂರುವ ಬಟ್ಟಲಲ್ಲಿ. ನಡೆಯುವಾಗ ಆ ಕೀಲಿನ ಮೇಲೆ ದೇಹತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನು ತೆಗೆದ ಮೇಲೆ ಕಾಲಿಗೆ ಆಧಾರ ಎಲ್ಲಿ?

ದಾರಿಗಳು ಹಲವು. ಉಳಿದ ಮೂಳೆಗೆ ಐಸ್‌ಕ್ರೀಮ್ ಕೋನ್ ಆಕಾರದ ಇಂಪ್ಲಾಂಟ್ ನೆಡುತ್ತಾರೆ (ಹೆಸರೂ ಅದೇ). ಅಳತೆಗೆ ತಕ್ಕಂತೆ ಪ್ರಿಂಟ್ ಮಾಡಿಸುತ್ತಾರೆ. ತೆಗೆದ ಮೂಳೆಗೇ ಹೊರಗಡೆ, ಕ್ಯಾನ್ಸರ್ ಕೋಶಗಳು ಸಾಯುವಂತೆ ರೇಡಿಯೇಷನ್ ಕೊಟ್ಟು ಮತ್ತೆ ಕೂರಿಸುವುದೂ ಉಂಟು. ಇನ್ನೊಂದಿದೆ, ಸುದ್ದಿಯಲ್ಲಿ ಬರುವುದೇ ಕಡಿಮೆ: ದೊಡ್ಡ ಲೋಹ ಹಾಕದೆ, ತೊಡೆಮೂಳೆಯ ತಲೆಯನ್ನು ಮೇಲೆ ಸರಿಸಿ ಉಳಿದ ಮೂಳೆಯ ಕೆಳಗೆ ನಿಲ್ಲಿಸುವುದು. ಕಾಲು ಕೆಲವು ಸೆಂಟಿಮೀಟರ್ ಗಿಡ್ಡವಾಗುತ್ತದೆ. ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಳ್ಳಬೇಕು. ಮನೆಯವರಿಗೆ ಇದು 'ಏನೂ ಹಾಕದೆ ಬಿಟ್ಟುಬಿಟ್ಟರು' ಎಂದು ಕಾಣುತ್ತದೆ. ಎಷ್ಟೋ ಸಲ ಇದೇ ಜಾಣತನದ ಆಯ್ಕೆ ಎನ್ನುವುದು ನನ್ನ ಅಭಿಪ್ರಾಯ.

ಯಾಕೆಂದರೆ ಸೋಂಕು. ಗಡ್ಡೆ ತೆಗೆದ ಜಾಗದಲ್ಲಿ ದೊಡ್ಡ ಟೊಳ್ಳು, ಮುಚ್ಚಲು ಸ್ನಾಯು ಕಮ್ಮಿ, ಪಕ್ಕದಲ್ಲೇ ಕರುಳು, ಮೂತ್ರಕೋಶ. ಕೀಮೋ ಆಗಿದ್ದರೆ ರೋಗನಿರೋಧಕ ಶಕ್ತಿಯೂ ಕುಸಿದಿರುತ್ತದೆ. ಲೋಹಕ್ಕೆ ಒಮ್ಮೆ ಸೋಂಕು ಅಂಟಿತೆಂದರೆ ಬರೀ ಆಂಟಿಬಯಾಟಿಕ್‌ಗೆ ಜಗ್ಗುವುದು ಕಷ್ಟ, ಮತ್ತೆ ಕೊಯ್ದು ತೊಳೆಯಬೇಕು, ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕು. ಯೂಯಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇರುವ ಹುಡುಗನಿಗೆ ಹೀಗಾದರೆ ಆಪರೇಷನ್ ನಂತರದ ಕೀಮೋ ಮುಂದಕ್ಕೆ ಹೋಗುತ್ತದೆ. ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಆದರೆ ಕೀಮೋ ಸಾಮಾನ್ಯವಾಗಿ ನಾಟುವುದೇ ಇಲ್ಲ, ಸುತ್ತಲಿನ ಒಳ್ಳೆಯ ಅಂಗಾಂಶದ ಸಮೇತ ಗಡ್ಡೆ ಪೂರ್ತಿ ಬಂತೋ ಇಲ್ಲವೋ ಎನ್ನುವುದರ ಮೇಲೇ ಎಲ್ಲ ನಿಂತಿದೆ. ಇಂಪ್ಲಾಂಟ್ ಚೆನ್ನಾಗಿ ಕೂರಲಿ ಅಂತ ಅಲ್ಲಿ ಚೌಕಾಸಿ ಮಾಡುವಂತಿಲ್ಲ.

ತ್ರೀಡಿ ಪ್ರಿಂಟ್ ಬೇಡ ಅನ್ನುತ್ತಿಲ್ಲ. ಎಲ್ಲಿ, ಯಾವ ಕೋನದಲ್ಲಿ ಕೊಯ್ಯಬೇಕೆಂದು ತೋರಿಸುವ ಪ್ರಿಂಟ್ ಮಾಡಿದ ಗೈಡ್ ನನ್ನ ಪ್ರಕಾರ ಆ ಲೋಹದಷ್ಟೇ ಬೆಲೆಬಾಳುವಂಥದ್ದು. ಆದರೆ ಇಂಪ್ಲಾಂಟ್ ತಯಾರಾಗಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಗಡ್ಡೆ ಬೆಳೆದರೆ ತೆಗೆದ ಅಳತೆಯೇ ತಪ್ಪುತ್ತದೆ.

ಇನ್ನು 'ಎದ್ದು ನಡೆದರು' ಎನ್ನುವ ಮಾತು. ಪ್ಯಾರಲಲ್ ಬಾರ್ (ನಡೆಯಲು ಕಲಿಯುವಾಗ ಹಿಡಿದುಕೊಳ್ಳುವ ಜೋಡಿ ಕಂಬಿ) ನಡುವೆ ನಿಂತವರು ಆಪರೇಷನ್ ಆದ ಕಾಲಿನ ಮೇಲೆ ಭಾರ ಹಾಕಿದ ತಕ್ಷಣ ಇನ್ನೊಂದು ಬದಿಯ ಸೊಂಟ ಕೆಳಗೆ ಜಾರುತ್ತದೆ. ಬೀಳದಿರಲು ಮೈಯನ್ನೇ ಆಪರೇಷನ್ ಆದ ಕಡೆಗೆ ವಾಲಿಸುತ್ತಾರೆ, ಬೆರಳ ಗೆಣ್ಣು ಬಿಳಿಚಿಕೊಳ್ಳುವಷ್ಟು ಬಾರ್ ಹಿಡಿದಿರುತ್ತಾರೆ. ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಪೃಷ್ಠದ ಪಕ್ಕದ ಸ್ನಾಯು. ಅದು ಗಡ್ಡೆಯ ಜೊತೆ ಹೋಗಿದ್ದರೆ ಎಷ್ಟೇ ದುಬಾರಿ ಟೈಟಾನಿಯಂ ಹಾಕಿದರೂ ಕುಂಟು ಉಳಿಯುತ್ತದೆ.

ಹಾಗಾಗಿ ಸರ್ಜನ್ ಮುಂದೆ ಕೂತಾಗ ಇವನ್ನು ಕೇಳಿ: ಗಡ್ಡೆ ಪೂರ್ತಿ ಬರುತ್ತದಾ? ಸಯಾಟಿಕ್ ನರ (ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರ) ಉಳಿಯುತ್ತದಾ? ಸ್ನಾಯು ಎಷ್ಟು ಉಳಿಯುತ್ತದೆ? ಲೋಹ ಹಾಕದಿದ್ದರೆ ಏನಾಗುತ್ತದೆ? ಹಾಕಿ ಸೋಂಕಾದರೆ ಮುಂದೇನು? ಯಾವ ಕಂಪನಿಯ ಇಂಪ್ಲಾಂಟ್ ಎಂದು ಕೇಳಲು ಆಮೇಲೂ ಟೈಮ್ ಇರುತ್ತದೆ.