ನಮ್ಮನೆಯಲ್ಲಿ ಆ್ಯಪ್‌ಗಿಂತ ಕಾಲಿಂಗ್ ಬೆಲ್ ಜಾಸ್ತಿ ಕೆಲಸಕ್ಕೆ ಬಂತು
ಸ್ಟ್ರೋಕ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಮೊಬೈಲ್ ಆ್ಯಪ್‌ಗಳು ದೊಡ್ಡ ಆಸರೆ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ಅಪ್ಪನಿಗೆ ಬಲಗೈ, ಬಲಗಾಲು ಬಿದ್ದು ಮಾತೂ ನಿಂತಿತ್ತು. ನೋಡಿಕೊಂಡದ್ದು ಅಮ್ಮ. ಅವರ ಫೋನಿಗೆ ಒಂದು ಇಂಗ್ಲಿಷ್ ಆ್ಯಪ್ ಹಾಕಿಕೊಟ್ಟು ಭಾರೀ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಅಮ್ಮ ಅದನ್ನು ಒಂದು ದಿನವೂ ತೆರೆಯಲಿಲ್ಲ.

ಕೆಲಸಕ್ಕೆ ಬಂದದ್ದು ಬೇರೆಯೇ. ಭುಜ ಎಳೆಯದೆ ಮಂಚದಿಂದ ಕುರ್ಚಿಗೆ ಕೂರಿಸುವುದು ಹೇಗೆಂದು ಫಿಸಿಯೋಥೆರಪಿಯವರು ತೋರಿಸಿದಾಗ ತಂಗಿ ವಿಡಿಯೊ ಮಾಡಿಕೊಂಡಳು. ಅಮ್ಮ ಅದನ್ನು ನೋಡಿ ನೋಡಿಯೇ ಕಲಿತರು. ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೆ ಫೋನಿನ ಅಲಾರಂ ಸಾಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲಿಗೆ ಹಾಕುವ ವೈರ್‌ಲೆಸ್ ಕಾಲಿಂಗ್ ಬೆಲ್! ಸ್ವಿಚ್ಚು ಅಪ್ಪನ ಎಡಗೈ ಹತ್ತಿರ, ಬೆಲ್ಲು ಅಡುಗೆಮನೆಯಲ್ಲಿ. ಅವತ್ತಿನಿಂದ ಅಮ್ಮ ಹಿತ್ತಿಲಿಗೆ ಹೋಗುವಾಗಲೂ ಅದನ್ನು ಜೊತೆಗೆ ಒಯ್ಯುತ್ತಿದ್ದರು. (ಅಪ್ಪ ಕಾಫಿಗೂ ಬೆಲ್ ಒತ್ತುತ್ತಿದ್ದರು, ಅದು ಬೇರೆ ಮಾತು.)

ಆದರೆ ರಾತ್ರಿ ಅಲಾರಂ ಹೊಡೆದಾಗ ಏಳಬೇಕಾದದ್ದು ಅಮ್ಮನೇ ಅಲ್ವಾ? ಲೇಖನ ಈ ಸುಸ್ತಿನ ವಿಷಯವನ್ನು ಸುಮ್ನೆ ದಾಟಿ ಹೋಗಿದೆ. ತೀರಾ ಸಾಕಾಗಿಹೋದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಇದನ್ನೂ ಒಂದು ಸಾಲು ಸೇರಿಸಿ. ನಮಗೆ ಆಗ ಯಾರೂ ಹೇಳಿರಲಿಲ್ಲ.