ಊರು ಬಿಟ್ಟ ಜೆನಿಫರ್, ಮನೆಯಲ್ಲೇ ಉಳಿದ ಗ್ವೆನ್‌ಲಿಯನ್

ಗ್ವೆನ್‌ಲಿಯನ್ ಎಂಬ ವೇಲ್ಸ್ ನಾಡಿನ ಹೆಣ್ಣುಹೆಸರನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲ ಸಾಲಿನಲ್ಲೇ ಸೋಲುತ್ತಾರೆ. ನಮ್ಮ ಇಡೀ ವರ್ಣಮಾಲೆಯನ್ನು ಜಾಲಾಡಿದರೂ ಅದರ ನಡುವೆ ಕೂತಿರುವ ಆ ‘ಲಿ’ಗೆ ತಕ್ಕ ಅಕ್ಷರ ಸಿಗುವುದಿಲ್ಲ. ವೇಲ್ಸಿನವರು ಅದನ್ನು ಎರಡು ‘ಎಲ್’ ಜೋಡಿಸಿ ಬರೆಯುತ್ತಾರೆ. ಆದರೆ ನಾವು ‘ಬೆಲ್ಲ’ ಎನ್ನುವಾಗಿನ ‘ಲ್ಲ’ ಅದಲ್ಲ. ‘ಲ’ ಎನ್ನುವುದಕ್ಕೆ ನಾಲಗೆಯನ್ನು ಎಲ್ಲಿ ಊರುತ್ತೇವೋ ಅಲ್ಲೇ ಊರಿ, ದನಿ ಹೊರಡಿಸದೆ, ಅಕ್ಕಪಕ್ಕದ ಸಂದಿಯಿಂದ ಬರೀ ಗಾಳಿ ಬಿಡಬೇಕು. ಹೊಸಬರ ಬಾಯಿಂದ ಮೊದಮೊದಲು ಹೊರಡುವುದು ಸಿಟ್ಟಿಗೆದ್ದ ಹೆಬ್ಬಾತಿನ ಬುಸುಗುಟ್ಟುವಿಕೆ, ಅದರ ಜೊತೆಗೆ ಒಂದಿಷ್ಟು ಎಂಜಲು. ಎದುರಿಗೆ ಯಾರೂ ಇಲ್ಲದಾಗ ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಕಷ್ಟ ಕೊಡುವ ಈ ಹೆಸರಿಗೆ ಒಬ್ಬಳು ಅಕ್ಕ ಇದ್ದಾಳೆ. ಅವಳನ್ನು ನೀವೆಲ್ಲ ಬಲ್ಲಿರಿ. ಅವಳೇ ಜೆನಿಫರ್. ಇಬ್ಬರೂ ಬ್ರಿಟನ್ನಿನ ಹಳೆಯ ಕೆಲ್ಟಿಕ್ ಭಾಷೆಗಳ ಮನೆಯವರು, ಇಬ್ಬರ ಮೊದಲ ತುಣುಕೂ ‘ಗ್ವೆನ್’. ಅಂದರೆ ಬಿಳುಪು, ಚೆಲುವು, ಪಾವನ. ನಮ್ಮ ಗೌರಿಯೂ ಹೆಸರಿನಲ್ಲಿ ಬಿಳುಪನ್ನೇ ಇಟ್ಟುಕೊಂಡವಳಾದ್ದರಿಂದ ಈ ಅಕ್ಕತಂಗಿಯರನ್ನು ತೀರಾ ಪರಕೀಯರೆಂದು ದೂರವಿಡಬೇಕಿಲ್ಲ. ಗ್ವೆನ್‌ಲಿಯನ್‌ಳ ಎರಡನೇ ತುಣುಕು ಅಗಸೆನಾರಿನ ಬಣ್ಣದ ಕೂದಲನ್ನು ಹೇಳುತ್ತದೋ, ಹರಿಯುವ ನೀರನ್ನು ಹೇಳುತ್ತದೋ ಎಂದು ಪಂಡಿತರಲ್ಲಿ ವಾದವಿದೆ. ಅವರು ವಾದಿಸಿಕೊಳ್ಳಲಿ.

ಜೆನಿಫರ್‌ಳ ಮೂಲರೂಪ ಗ್ವೆನ್‌ಹ್ವಿವರ್, ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ಹೆಂಡತಿ. ಆರ್ಥರನ ಕಥೆಗಳು ಹೋದಲ್ಲೆಲ್ಲ ಅವಳೂ ಹೋದಳು, ಹೋದ ಊರಿನ ಉಡುಪು ತೊಟ್ಟಳು. ಇಂಗ್ಲಿಷರಿಗೆ ಗ್ವಿನವಿಯರ್ ಆದಳು, ಇಟಲಿಯಲ್ಲಿ ಜಿನೆವ್ರಾ ಆದಳು. ಲಿಯೊನಾರ್ಡೊ ಡ ವಿಂಚಿ 1470ರ ದಶಕದಲ್ಲಿ ಬರೆದ ಒಂದು ಭಾವಚಿತ್ರದ ಹೆಂಗಸಿನ ಹೆಸರು ಜಿನೆವ್ರಾ. ಇಟಾಲಿಯನ್ನಿನಲ್ಲಿ ಜೂನಿಪರ್ ಗಿಡದ ಹೆಸರಿಗೂ ಅವಳ ಹೆಸರಿಗೂ ಹೋಲಿಕೆಯಿದೆ ಎಂದು ಚಿತ್ರಕಾರ ಅವಳ ಬೆನ್ನ ಹಿಂದೆ ಒಂದು ಜೂನಿಪರ್ ಪೊದೆಯನ್ನೇ ನಿಲ್ಲಿಸಿದ್ದಾನೆ. ದೊಡ್ಡವರ ಶ್ಲೇಷೆಗಳೂ ಇಷ್ಟೇ ಎಂದು ತಿಳಿದಾಗ ನಮ್ಮಂಥವರಿಗೆ ಸ್ವಲ್ಪ ಸಮಾಧಾನ.

ಇವಳು ಜೆನಿಫರ್ ಆದದ್ದು ಮಾತ್ರ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನಲ್ಲಿ. ಇಪ್ಪತ್ತನೇ ಶತಮಾನ ಬರುವ ತನಕ ಆ ಮೂಲೆಯಿಂದ ಆಚೆ ಈ ಹೆಸರು ಅಪರೂಪ. ಬರ್ನಾರ್ಡ್ ಷಾ 1906ರಲ್ಲಿ ‘ದ ಡಾಕ್ಟರ್ಸ್ ಡಿಲೆಮಾ’ ನಾಟಕದ ನಾಯಕಿಗೆ ಜೆನಿಫರ್ ಎಂದು ಹೆಸರಿಟ್ಟಾಗ, ಇದೆಂಥ ವಿಚಿತ್ರ ಹೆಸರು ಎಂದು ನಾಟಕದ ಡಾಕ್ಟರೇ ಹುಬ್ಬೇರಿಸುತ್ತಾನೆ. ಕಾರ್ನ್‌ವಾಲಿನಲ್ಲಿ ಇದೇನೂ ವಿಚಿತ್ರವಲ್ಲ, ನಿಮ್ಮ ಗ್ವಿನವಿಯರ್ ತಾನೇ ಇದು ಎಂದು ಅವಳು ಸಮಜಾಯಿಷಿ ಕೊಡಬೇಕಾಗುತ್ತದೆ. ಲಂಡನ್ನಿನ ಪ್ರೇಕ್ಷಕರಿಗೂ ಆ ಸಮಜಾಯಿಷಿ ಬೇಕಿತ್ತು ಎಂದೇ ನನ್ನ ಊಹೆ.

ಆಮೇಲೆ ಹಾಲಿವುಡ್ ಕೈಹಾಕಿತು. ಫಿಲಿಸ್ ಐಸ್ಲಿ ಎಂಬ ನಟಿಗೆ 1940ರ ದಶಕದ ಆರಂಭದಲ್ಲಿ ಜೆನಿಫರ್ ಜೋನ್ಸ್ ಎಂದು ಮರುನಾಮಕರಣವಾಯಿತು. 1944ರ ಮಾರ್ಚ್ 2ರಂದು, ತನ್ನ 25ನೇ ಹುಟ್ಟುಹಬ್ಬದ ದಿನವೇ, ಆಕೆ ಆಸ್ಕರ್ ಗೆದ್ದಳು. ಅಲ್ಲಿಂದ ಹೆಸರು ಮೆಟ್ಟಿಲೇರುತ್ತಾ ಹೋಗಿ 1970ರಿಂದ 1984ರವರೆಗೆ, ಸತತ ಹದಿನೈದು ವರ್ಷ, ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಮೊದಲ ಆಯ್ಕೆಯಾಗಿ ಕೂತುಬಿಟ್ಟಿತು. 1972ರಲ್ಲಿ ಒಂದೇ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಜೆನಿಫರ್‌ಗಳು ಹುಟ್ಟಿದರು. ‘ಲವ್ ಸ್ಟೋರಿ’ ಸಿನಿಮಾದ ನಾಯಕಿ ಜೆನ್ನಿಯೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಆದರೆ ಆ ಸಿನಿಮಾ ತೆರೆಗೆ ಬಂದದ್ದು 1970ರ ಡಿಸೆಂಬರಿನಲ್ಲಿ, ಹೆಸರು ಅಷ್ಟು ಹೊತ್ತಿಗಾಗಲೇ ಮೇಲೆ ಹತ್ತಿ ಕೂತಿತ್ತು. ಎಲ್ಲರಿಗಿಂತ ಬೇರೆಯಾಗಿರಲಿ ಎಂದು ಲಕ್ಷಾಂತರ ತಂದೆತಾಯಿಯರು ಒಬ್ಬರಿಗೊಬ್ಬರು ಹೇಳದೆ ಒಂದೇ ಹೆಸರನ್ನು ಆರಿಸಿಕೊಂಡಿದ್ದರು. ಟೀಚರು ಜೆನಿಫರ್ ಎಂದು ಕೂಗಿದರೆ ಮೂರು ನಾಲ್ಕು ತಲೆಗಳು ಒಟ್ಟಿಗೇ ತಿರುಗುವುದು, ಅವರನ್ನು ಇನಿಶಿಯಲ್ಲಿನಿಂದ ಬೇರೆ ಮಾಡುವುದು ಆ ಕಾಲದ ಅಲ್ಲಿನ ತರಗತಿಗಳಲ್ಲಿ ಮಾಮೂಲು. ಈಗ ಅದು ತೊಟ್ಟಿಲಿಗಿಂತ ಹೆಚ್ಚಾಗಿ ಆಫೀಸಿನ ಹೆಸರು. ಐವತ್ತರ ಆಸುಪಾಸಿನ, ಮೀಟಿಂಗಿಗೆ ಹೊತ್ತಾಯಿತು ಎನ್ನುವ ಹೆಂಗಸರದು.

ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಕಾರ್ನ್‌ವಾಲಿನ ಸ್ವಂತ ಭಾಷೆ ಕಾರ್ನಿಷ್. ಅದನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವಳೆಂದು ವಾಡಿಕೆಯಲ್ಲಿ ಹೇಳುವುದು ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಮುದುಕಿಯನ್ನು. ಆಕೆ ತೀರಿಕೊಂಡದ್ದು 1777ರಲ್ಲಿ. ಇಪ್ಪತ್ತನೇ ಶತಮಾನದಲ್ಲಿ ಕೆಲವರು ಕಾರ್ನಿಷ್‌ಗೆ ಮತ್ತೆ ಜೀವ ತುಂಬಲು ಹೊರಟರು, ಅದು ಬೇರೆ ಕಥೆ. ಅಂತೂ ಮಾತು ನಿಂತು ಎರಡು ಶತಮಾನ ಕಳೆದ ಮೇಲೆ, ಆ ನುಡಿಯ ಒಂದು ಹೆಸರು ಅಟ್ಲಾಂಟಿಕ್ ದಾಟಿ ಕೋಟಿ ಬಾಯಿಗಳಲ್ಲಿ ಆಡತೊಡಗಿತು. ತಪ್ಪಾಗಿ ಉಚ್ಚರಿಸಿದರೆ ‘ಹಾಗಲ್ಲ ಕಣ್ರೀ’ ಎಂದು ತಿದ್ದಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಜೆನಿಫರ್ ಅಷ್ಟು ಹಗುರಾಗಿ ಊರೂರು ತಿರುಗಿದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ತರ್ಕ.

ತಿರುಗುತ್ತಾ ಅವಳು ಮಂಗಳೂರಿಗೂ ಬಂದಳು. ಡಿಸೋಜಾ, ಪಿಂಟೊ, ಲೋಬೊ ಮನೆತನಗಳಲ್ಲಿ ಎಷ್ಟು ಜೆನಿಫರ್‌ಗಳು, ಎಷ್ಟು ಜೆನ್ನಿಗಳು! ಕೆಲ್ಟಿಕ್ ಹೆಸರು, ಪೋರ್ಚುಗೀಸ್ ಮನೆತನ, ಮನೆಯಲ್ಲಿ ಕೊಂಕಣಿ, ಬಸ್ ಸ್ಟ್ಯಾಂಡಿನಲ್ಲಿ ತುಳು, ಅರ್ಜಿ ಬರೆಯುವಾಗ ಕನ್ನಡ. ಅವಳಿಗೆ ಎಲ್ಲಿಯೂ ತೊಡಕಾಗಲಿಲ್ಲ.

ತಂಗಿ ಗ್ವೆನ್‌ಲಿಯನ್‌ಳ ಹಣೆಬರಹ ಬೇರೆ. ಮಧ್ಯಯುಗದ ವೇಲ್ಸಿನಲ್ಲಿ ಇದು ಅಪರೂಪದ ಹೆಸರೇನೂ ಆಗಿರಲಿಲ್ಲ, ಅರಮನೆಯಲ್ಲೂ ಹಟ್ಟಿಯಲ್ಲೂ ಧಾರಾಳವಾಗಿ ಇತ್ತು. ಅವರಲ್ಲಿ ಒಬ್ಬಳು ಉತ್ತರ ವೇಲ್ಸಿನ ರಾಜನ ಮಗಳು, ದಕ್ಷಿಣದ ರಾಜನ ಹೆಂಡತಿ. 1136ರಲ್ಲಿ ಗಂಡ ಮಾವನ ಹತ್ತಿರ ಸೈನ್ಯದ ನೆರವು ಕೇಳಲು ಹೋಗಿದ್ದಾಗ ಇಂಗ್ಲೆಂಡನ್ನು ಆಳುತ್ತಿದ್ದ ನಾರ್ಮನ್ನರು ಮೇಲೆ ಬಿದ್ದರು. ಗ್ವೆನ್‌ಲಿಯನ್ ತಾನೇ ದಂಡು ಕಟ್ಟಿಕೊಂಡು ಕಿಡ್ವೆಲಿ ಕೋಟೆಯ ಬಳಿ ಕಾದಾಡಿ ಸತ್ತಳು. ಆ ಬಯಲಿಗೆ ಇಂದಿಗೂ ಅವಳದೇ ಹೆಸರು. ಅದೇ ಶತಮಾನದ ಕೊನೆಯಲ್ಲಿ ಬರೆದ ಪಾದ್ರಿ ಜೆರಾಲ್ಡ್ ಅವಳನ್ನು ಗ್ರೀಕ್ ಪುರಾಣದ ಅಮೆಜಾನ್ ರಾಣಿಗೆ ಹೋಲಿಸಿದ. ಅವಳು ಬಿಟ್ಟುಹೋದ ಎಳೆಯ ಮಗ ರೀಸ್ ಮುಂದೆ ದೊಡ್ಡ ದೊರೆಯಾಗಿ, 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಕರೆಸಿ ಸ್ಪರ್ಧೆ ಇಡಿಸಿದ. ವೇಲ್ಸಿನ ಸಾಹಿತ್ಯ ಸಮ್ಮೇಳನದಂಥ ‘ಐಸ್ಟೆಡ್‌ವೊಡ್’ ಹಬ್ಬಕ್ಕೆ ಅಲ್ಲಿಂದಲೇ ಲೆಕ್ಕ.

ಇನ್ನೊಬ್ಬಳ ಕಥೆ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳು 1282ರ ಜೂನಿನಲ್ಲಿ ಹುಟ್ಟಿದಳು, ಹೆರಿಗೆಯಲ್ಲೇ ತಾಯಿ ಹೋದಳು. ತಂದೆ ಲೆವೆಲಿನ್, ಸ್ವತಂತ್ರ ವೇಲ್ಸಿನ ಕಡೆಯ ದೊರೆ, ಡಿಸೆಂಬರಿನಲ್ಲಿ ಇಂಗ್ಲಿಷರ ಕೈಯಲ್ಲಿ ಸತ್ತ. ಈ ಕೂಸು ಬೆಳೆದು, ಮದುವೆಯಾಗಿ, ಗಂಡು ಹೆತ್ತು, ಆ ಗಂಡು ಬಂದು ತನ್ನ ಅಜ್ಜನ ರಾಜ್ಯ ಕೇಳಿದರೆ? ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಆ ಗಂಡಾಂತರವನ್ನು ತೊಟ್ಟಿಲಿನಲ್ಲೇ ಮುಗಿಸಿದ. ಮಗುವನ್ನು ಇಂಗ್ಲೆಂಡಿನ ಪೂರ್ವ ಭಾಗದ ಸೆಂಪ್ರಿಂಗ್‌ಹ್ಯಾಮ್ ಸನ್ಯಾಸಿನಿಯರ ಮಠಕ್ಕೆ ಒಪ್ಪಿಸಿಬಿಟ್ಟ. ವೇಲ್ಸಿನ ರಾಜಕುಮಾರ ಎಂಬ ಬಿರುದನ್ನು 1301ರಲ್ಲಿ ತನ್ನ ಸ್ವಂತ ಮಗನಿಗೆ ಕೊಟ್ಟುಕೊಂಡ. ಹುಡುಗಿ 1337ರಲ್ಲಿ ಸಾಯುವ ತನಕ, ಐವತ್ತಕ್ಕೂ ಹೆಚ್ಚು ವರ್ಷ, ಆ ಮಠದಲ್ಲೇ ಉಳಿದಳು. ಸುತ್ತ ಅವಳ ಭಾಷೆಯ ಒಂದು ನರಪಿಳ್ಳೆಯೂ ಇಲ್ಲ. ದಾಖಲೆಗಳಲ್ಲಿ ಅವಳು ವೆಂಟ್ಲಿಯನ್, ವೆನ್ಸಿಲಿಯನ್. ಗುಮಾಸ್ತರ ಕಿವಿಗೆ ಕೇಳಿಸಿದ್ದು ಅಷ್ಟೇ. ಅವಳಿಗಾದರೂ ತನ್ನ ಹೆಸರನ್ನು ಸರಿಯಾಗಿ ಹೇಳಿಕೊಡುವವರು ಯಾರಿದ್ದರು?

ಅವಳ ಕಡೆಯವರು ಅವಳನ್ನು ಮರೆಯಲಿಲ್ಲ ಅನ್ನುವುದು ದೊಡ್ಡದು. ಉತ್ತರ ವೇಲ್ಸಿನ ಸ್ನೋಡೋನಿಯಾದ ಬೆಟ್ಟಸಾಲಿನಲ್ಲಿ ಅಪ್ಪ ಲೆವೆಲಿನ್ ಮತ್ತು ಚಿಕ್ಕಪ್ಪ ಡೇವಿಡ್ ಹೆಸರಿನ ಎರಡು ಶಿಖರಗಳು ಹಳೆಯ ಕಾಲದಿಂದ ಇದ್ದವು. ಪಕ್ಕದ 926 ಮೀಟರ್ ಎತ್ತರದ ಇನ್ನೊಂದು ಶಿಖರಕ್ಕೆ 2009ರಲ್ಲಿ ಗ್ವೆನ್‌ಲಿಯನ್ ಎಂದು ಹೆಸರಿಟ್ಟರು. ಏಳು ಶತಮಾನ ತಡವಾಗಿ ಮಗಳು ತವರಿಗೆ ಬಂದಳು.

ಆ ಎರಡು ‘ಎಲ್’ಗಳ ಮುಂದೆ ಸೋತದ್ದು ಮಠದ ಗುಮಾಸ್ತರು ಮಾತ್ರವಲ್ಲ. ಇಂಗ್ಲಿಷ್ ಬಾಯಿಗೆ ಬುಸುಗುಡಲು ಬಾರದೆ ಅದು ‘ಫ್ಲ’ ಎಂದಿತು. ಶೇಕ್ಸ್‌ಪಿಯರನ ‘ಐದನೇ ಹೆನ್ರಿ’ ನಾಟಕದಲ್ಲಿ ಬರುವ ಫ್ಲುಯೆಲನ್ ಎಂಬ ಕ್ಯಾಪ್ಟನ್ ಅಸಲಿಗೆ ಲೆವೆಲಿನ್. ಲಾಯ್ಡ್ ಎಂಬ ಹೆಸರು ಫ್ಲಾಯ್ಡ್ ಆದದ್ದೂ ಹೀಗೇ. ಬೆಂಗಳೂರಿನ ಕಾಲೇಜು ಹುಡುಗರು ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಹೆಸರು ಬರೆದ ಟೀ ಶರ್ಟು ತೊಟ್ಟು ತಿರುಗುವಾಗ ಅವರ ಎದೆಯ ಮೇಲೆ ಈ ಸೋಲಿನದೊಂದು ಗುರುತಿರುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

2021ರ ಜನಗಣತಿಯಲ್ಲಿ ಸುಮಾರು 5 ಲಕ್ಷ 38 ಸಾವಿರ ಜನ ತಮಗೆ ವೆಲ್ಷ್ ಮಾತಾಡಲು ಬರುತ್ತದೆ ಎಂದರು. ಗ್ವೆನ್‌ಲಿಯನ್ ಎಂಬ ಹೆಸರು ಅಷ್ಟು ಜನರ ಕಾವಲಿನಲ್ಲಿ ಬದುಕಿದೆ. ನೀವು ಒಂದು ತಪ್ಪು ಮಾಡಿ, ತಿದ್ದಲು ಅಷ್ಟು ಜನ ಸಿದ್ಧ. ವೇಲ್ಸಿನಲ್ಲಿ ಮೊತ್ತಮೊದಲು ಮೇಯರ್ ಆದ ಹೆಂಗಸು, 1910ರಲ್ಲಿ ಬ್ರೆಕನ್ ಪಟ್ಟಣದಲ್ಲಿ, ಗ್ವೆನ್‌ಲಿಯನ್ ಮೋರ್ಗನ್. ಈಗಲೂ ಅಲ್ಲೊಂದು ಇಲ್ಲೊಂದು ಮಗುವಿಗೆ ಈ ಹೆಸರಿಡುತ್ತಾರೆ, ಗಡಿ ದಾಟಿದರೆ ಮಾತ್ರ ಕಾಣುವುದೇ ಕಡಿಮೆ. ಸುಲಭ ಮಾಡಿಕೊಳ್ಳುವ ಆಸೆಯೂ ಅವರಿಗೆ ಇದ್ದಂತಿಲ್ಲ. ಉದ್ದದ ಹೆಸರನ್ನು ಮುದ್ದಿಗೆ ಮೊಟಕು ಮಾಡುವಾಗ ‘ಗ್ವೆನ್’ ಎಂದು ನಿಲ್ಲಿಸಬಹುದು, ಹಾಗೆ ಮಾಡುವವರೂ ಇದ್ದಾರೆ. ಆದರೆ ಅವರ ಹಳೆಯ ಮುದ್ದುಹೆಸರು ‘ಲಿಯೋ’. ಸಿಂಹರಾಶಿಯ ಲಿಯೋ ಅಲ್ಲ, ಬುಸುಗುಡುವ ಲಿಯೋ. ಎಲ್ಲರಿಗೂ ಬರುವ ಭಾಗವನ್ನು ಎಸೆದು, ತಮಗೆ ಮಾತ್ರ ಬರುವುದನ್ನು ಇಟ್ಟುಕೊಂಡಿದ್ದಾರೆ ಜಾಣರು.

ಹೊರದೇಶದಲ್ಲಿರುವ ನಮ್ಮ ಕನ್ನಡದ ದಂಪತಿಗಳು ಮಗುವಿಗೆ ಹೆಸರು ಹುಡುಕುವ ಕ್ರಮ ನೋಡಿದರೆ ಅವರಿಗೆ ಬೇಕಾಗಿರುವುದು ಜೆನಿಫರ್. ಎರಡೇ ಅಕ್ಷರ ಇರಬೇಕು, ಅಲ್ಲಿಯ ಟೀಚರ ನಾಲಗೆಗೆ ಹೊರಳಬೇಕು, ಸಂಸ್ಕೃತದಲ್ಲಿ ಏನಾದರೂ ಅರ್ಥ ಹೊರಡಬೇಕು. ‘ಳ’ ಇರಕೂಡದು, ‘ಣ’ ಕೂಡ ಬೇಡ. ಹೀಗೆ ತಿಂಗಳುಗಟ್ಟಲೆ ಸೋಸಿ ಸೋಸಿ ಕೊನೆಗೆ ಮಾಯಾ ಎಂತಲೋ ರಿಯಾ ಎಂತಲೋ ಇಡುತ್ತಾರೆ. ಭಾನುವಾರ ಹಾಸನದಿಂದ ವೀಡಿಯೊ ಕಾಲಿನಲ್ಲಿ ಬರುವ ಅಜ್ಜಿ ಆ ಹೆಸರನ್ನು ಒಂದು ದಿನವೂ ಬಾಯಿಗೆ ತಂದುಕೊಂಡವರಲ್ಲ. ಪರದೆಯ ಮೇಲೆ ಮೊಮ್ಮಗಳ ಮುಖ ಕಂಡದ್ದೇ ಅವರು ಕೇಳುವುದು, “ಏನೇ ಕಳ್ಳೀ, ಊಟ ಆಯ್ತಾ?”