ಕುದುರೆ, ಕೋಳಿ ಮತ್ತು ಅರ್ಧ ಊಟ

ನಿವೃತ್ತರಾದ ಗಂಡ-ಹೆಂಡಿರಿಗೆ ಬಿಡುವೇ ಬಿಡುವು ಎಂದು ನಂಬಿರುವ ಬಂಧುಗಳು ನಮಗೆ ಬಹಳ ಜನ ಇದ್ದಾರೆ. ‘ಮಕ್ಕಳು ಅವರವರ ಊರು ಸೇರಿಕೊಂಡಿದ್ದಾರೆ, ಮನೆಯಲ್ಲಿ ನೀವಿಬ್ಬರೇ, ಬೀಗ ಜಡಿದು ಹೊರಟರೆ ಆಯಿತು’ ಎಂದು ಅವರು ಅತ್ಯಂತ ಸುಲಭವಾಗಿ ಹೇಳಿಬಿಡುತ್ತಾರೆ. ಬೀಗ ಜಡಿಯುವುದು ನಮಗೂ ಗೊತ್ತು. ಆದರೆ ಹಿತ್ತಲಿನ ಲಾಯದಲ್ಲಿ ಗೌರಿ ಎಂಬ ಹೆಣ್ಣುಕುದುರೆ, ತಾಯಿಗಿಂತ ಎತ್ತರ ಬೆಳೆದರೂ ಇನ್ನೂ ‘ಮರಿ’ ಎಂದೇ ಕರೆಸಿಕೊಳ್ಳುವ ಅದರ ಮಗ, ಇಪ್ಪತ್ತು ಚಿಲ್ಲರೆ ನಾಟಿ ಕೋಳಿಗಳು ಮತ್ತು ತಾನೇ ಈ ಮನೆಯ ಯಜಮಾನನೆಂದು ತಿಳಿದಿರುವ ಒಂದು ಹುಂಜ ಇರುವಾಗ, ಯಾವ ಬಾಗಿಲಿಗೆ ಬೀಗ ಜಡಿದು ಯಾವ ಬಸ್ಸು ಹತ್ತುವುದು?

ಪ್ರಾಣಿ ಸಾಕಿದವರ ಮನೆಯ ದಿನಚರಿಯನ್ನು ನಾನು ವಿವರಿಸಬೇಕಾಗಿಲ್ಲ, ಸಾಕಿದವರಿಗೆಲ್ಲ ಅದು ಗೊತ್ತೇ ಇದೆ. ಕುದುರೆಯ ಮೈ ದೊಡ್ಡದಾದರೂ ಹೊಟ್ಟೆಯ ಚೀಲ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ಆದ್ದರಿಂದ ಒಂದೇ ಸಲ ಹೊಟ್ಟೆತುಂಬ ಹಾಕಿ ಮರೆಯುವಂತಿಲ್ಲ. ಬೆಳಗ್ಗೆ ಹುಲ್ಲು, ಆಮೇಲೆ ಬೂಸಾದೊಂದಿಗೆ ಬೇಯಿಸಿದ ಹುರುಳಿ, ಮಧ್ಯಾಹ್ನ ಮತ್ತೆ ಹುಲ್ಲು, ಸಿಕ್ಕಿದ ದಿನ ಒಂದು ಕಟ್ಟು ಕುದುರೆಮಸಾಲೆ ಸೊಪ್ಪು, ನಡುನಡುವೆ ಬಿಂದಿಗೆಗಟ್ಟಲೆ ನೀರು, ಇವೆಲ್ಲ ಮುಗಿದಮೇಲೆ ಮಂಕರಿಗಟ್ಟಲೆ ಲದ್ದಿ. ಕೋಳಿಗಳದ್ದು ಇನ್ನೊಂದು ಕಟ್ಟಳೆ. ಸೂರ್ಯ ಮುಳುಗುವ ಹೊತ್ತಿಗೆ ಅವು ತಾವಾಗಿಯೇ ಗೂಡಿಗೆ ಬಂದು ಸಾಲಾಗಿ ಕೂರುತ್ತವೆ, ನಿಜ. ಆದರೆ ಕತ್ತಲಾದಮೇಲೆ ಅವುಗಳಿಗೆ ಕಣ್ಣು ಕಾಣುವುದಿಲ್ಲ, ಕಣ್ಣು ಚೆನ್ನಾಗಿ ಕಾಣುವ ಕಾಡುಬೆಕ್ಕು ಅಷ್ಟರಲ್ಲಿ ಬೇಲಿಯ ಬಳಿ ಬಂದಿರುತ್ತದೆ, ಗೂಡಿನ ಬಾಗಿಲು ಮುಚ್ಚುವ ಕೈ ಮಾತ್ರ ಮನುಷ್ಯನದೇ ಆಗಬೇಕು. ಈ ಒಂದು ಕಾರಣಕ್ಕೆ ನಾವು ಎಷ್ಟೋ ವರ್ಷಗಳಿಂದ ಯಾರ ಆರತಕ್ಷತೆಯನ್ನೂ ನೋಡಿಲ್ಲ. ಮುಹೂರ್ತಕ್ಕೆ ಹೋಗಿ, ಅಕ್ಷತೆ ಹಾಕಿ, ಊಟ ಮುಗಿಸಿ, ಸಂಜೆಯೊಳಗೆ ಮನೆ ಸೇರುವವರು ನಾವು. ದೀಪಾಲಂಕಾರದಲ್ಲಿ ವಧೂವರರು ಹೇಗೆ ಕಾಣುತ್ತಾರೆಂಬುದು ನಮಗೆ ಮೊಬೈಲಿನ ಚಿತ್ರಗಳಿಂದಲೇ ಗೊತ್ತು.

ಕಳೆದ ವಾರ ಹಾಸನದಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳ ಮದುವೆಯಿತ್ತು. ಮೈಸೂರಿನ ಹೊರವಲಯದ ನಮ್ಮ ಮನೆಯಿಂದ ಅದು ಹೆಚ್ಚುಕಡಿಮೆ 120 ಕಿಲೋಮೀಟರ್. ಇಂಥ ಸಂದರ್ಭಗಳಲ್ಲಿ ಕುದುರೆ-ಕೋಳಿಗಳನ್ನು ನೋಡಿಕೊಳ್ಳಲು ಒಪ್ಪುವ ಏಕೈಕ ವ್ಯಕ್ತಿಯೆಂದರೆ ಪಕ್ಕದ ತೋಟ ಕಾಯುವಾತ. ಐವತ್ತು ದಾಟಿದ, ನಿಯತ್ತಿನ ಮನುಷ್ಯ. ಅವನ ಪ್ರಾಮಾಣಿಕತೆಯ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಮೊಟ್ಟೆಗಳನ್ನು ಎಣಿಸಿ, ಎಣಿಸಿದಷ್ಟನ್ನೂ ಬುಟ್ಟಿಯಲ್ಲಿಟ್ಟು ಒಪ್ಪಿಸುತ್ತಾನೆ. ನನ್ನ ದೂರು ಅವನ ಫೋನಿನ ಬಗ್ಗೆ.

ಈತನಿಗೆ ಒಂದು ನಿಯಮವಿದೆ. ಕೆಟ್ಟದ್ದೇನಾದರೂ ಕಂಡರೆ, ಅಥವಾ ಕಂಡಂತೆ ಅನ್ನಿಸಿದರೂ ಸಾಕು, ತಕ್ಷಣ ಫೋನು ಮಾಡುತ್ತಾನೆ. ಆ ಕೆಟ್ಟದ್ದು ಸರಿಹೋದರೆ ಮಾಡುವುದಿಲ್ಲ. ಒಮ್ಮೆ ನಾವು ನಂಜನಗೂಡಿನ ದೇವಸ್ಥಾನದ ಸರದಿಯಲ್ಲಿ ನಿಂತಿದ್ದಾಗ, ‘ಮೇಷ್ಟ್ರೇ, ಒಂದ್ ಕೋಳಿ ತೂಕಡಿಸ್ತಾ ಕೂತೈತೆ, ಏಳಾಕಿಲ್ಲ ಅಂತದೆ’ ಎಂದ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು, ಸುತ್ತಮುತ್ತಲಿನ ಸಾಕುಕೋಳಿಗಳನ್ನೆಲ್ಲ ಹಿಡಿದು ಕೊಂದದ್ದನ್ನು ಕಂಡ ಯಾವ ಕೋಳಿ ಸಾಕುವವನಿಗೂ ‘ತೂಕಡಿಸುತ್ತಿದೆ’ ಎಂಬ ಮಾತು ಹಗುರವಲ್ಲ. ಶ್ರೀಕಂಠೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು ಓಡಿಬಂದೆವು. ನೋಡಿದರೆ ಆ ಹೇಂಟೆ ಕಾವಿಗೆ ಕೂತಿತ್ತು. ಕಾವಿಗೆ ಕೂತ ಕೋಳಿ 21 ದಿನ, ಮೇವಿಗೆ ಇಳಿಯುವ ಒಂದಿಷ್ಟು ಹೊತ್ತು ಬಿಟ್ಟರೆ, ಏಳುವುದಿಲ್ಲವೆಂಬುದು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಆತನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೇಳಿದರೆ, ‘ಆಮ್ಯಾಕ್ ನೋಡಿದೆ, ಕೆಳಗೆ ಮೊಟ್ಟೆ ಇದ್ದೋ, ಸುಮ್ಕಾದೆ’ ಎಂದ. ಅವನು ಸುಮ್ಮನಾದ, ನಾವು ನಂಜನಗೂಡಿನಿಂದ ಓಡಿದೆವು.

ಇನ್ನೊಮ್ಮೆ ಹುಂಜ ರಾತ್ರಿ ಎಂಟು ಗಂಟೆಗೆ ಕೂಗಿತೆಂದು ಫೋನು ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಹುಂಜ ಕೂಗಿದರೆ ಮನೆಗೆ ಆಗಿಬರುವುದಿಲ್ಲವೆಂಬುದು ಅವನ ಆತಂಕ. ನಾನು ಮೇಷ್ಟರ ಅಭ್ಯಾಸಬಲದಿಂದ, ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಅವನಿಗೆ ಫೋನಿನಲ್ಲೇ ವಿವರಿಸಿದೆ. ಹುಂಜದ ದೇಹದೊಳಗೇ ಒಂದು ಗಡಿಯಾರವಿದೆ, ಬೆಳಕು ಹರಿಯುವುದಕ್ಕೆ ಮೊದಲೇ ಅದು ಅದನ್ನು ನೋಡಿಕೊಂಡು ಕೂಗುತ್ತದೆ, ಆದರೆ ಕಣ್ಣಿಗೆ ಬೆಳಕು ಬಿದ್ದರೆ ಅಥವಾ ಬೇರೆ ಹುಂಜದ ಕೂಗು ಕೇಳಿದರೆ ಬೇರೆ ಹೊತ್ತಿನಲ್ಲೂ ಕೂಗಬಹುದು, ಪ್ರಾಯಶಃ ರಸ್ತೆಯಲ್ಲಿ ಹೋದ ಬೈಕಿನ ದೀಪ ಗೂಡಿಗೆ ಬಿದ್ದಿರಬೇಕು ಎಂದೆ. ಪೂರ್ತಿ ಕೇಳಿಸಿಕೊಂಡು, ‘ಅದು ಜಪಾನಿನ್ ಹುಂಜ ಮೇಷ್ಟ್ರೇ’ ಎಂದು ಫೋನಿಟ್ಟ.

ಇದೆಲ್ಲವೂ ಮನಸ್ಸಿನಲ್ಲಿದ್ದುದರಿಂದ ಹಾಸನಕ್ಕೆ ಹೊರಡುವ ಹಿಂದಿನ ದಿನ ದೊಡ್ಡ ಅಕ್ಷರಗಳಲ್ಲಿ ಒಂದು ಸೂಚನಾಪತ್ರ ಬರೆದು ಲಾಯದ ಬಾಗಿಲಿಗೆ ಅಂಟಿಸಿದೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ: ಕೋಳಿ ಫೀಡಿನ ಡಬ್ಬದ ಮುಚ್ಚಳ ಯಾವಾಗಲೂ ಮುಚ್ಚಿರಬೇಕು, ಕುದುರೆ ಅದಕ್ಕೆ ಬಾಯಿ ಹಾಕಬಾರದು. ಇದು ಅತಿಯಾಯಿತೆಂದು ಹೆಂಡತಿ ನಕ್ಕಳು, ಆದರೆ ಇದರಲ್ಲಿ ತಮಾಷೆಯೇನೂ ಇಲ್ಲ. ಕೋಳಿಮರಿಗಳಿಗೆ ಬರುವ ರಕ್ತಭೇದಿಯನ್ನು ತಡೆಯಲು ಅಂಗಡಿಯ ಫೀಡಿಗೆ ಮೊನೆನ್ಸಿನ್‌ನಂತಹ ಔಷಧಿ ಬೆರೆಸುವುದುಂಟು. ಕೋಳಿಗೆ ಒಗ್ಗುವ ಆ ಔಷಧಿ ಕುದುರೆಗೆ ವಿಷ, ದೇಹತೂಕದ ಒಂದೊಂದು ಕಿಲೋಗೆ ಎರಡು-ಮೂರು ಮಿಲಿಗ್ರಾಂ ಸೇರಿದರೆ ಹೃದಯದ ಸ್ನಾಯುವನ್ನೇ ಕೆಡಿಸಿ ಕೊಲ್ಲಬಲ್ಲದು. ತಿಂದದ್ದನ್ನು ವಾಂತಿ ಮಾಡಿ ಬದುಕಿಕೊಳ್ಳುವ ಸೌಲಭ್ಯವನ್ನೂ ದೇವರು ಕುದುರೆಗೆ ಕೊಟ್ಟಿಲ್ಲ. ಕುದುರೆ ಮತ್ತು ಕೋಳಿ ಒಂದೇ ಹಿತ್ತಲಿನಲ್ಲಿ ಬಾಳುವುದನ್ನು ನೋಡಿ ‘ಎಂಥ ಅನ್ಯೋನ್ಯತೆ’ ಎಂದು ಮೆಚ್ಚುವವರಿಗೆ, ಲದ್ದಿ ಕೆದಕಿ ಹುಳು ಹೆಕ್ಕುವ ಕೋಳಿ ಮಾತ್ರ ಕಾಣುತ್ತದೆ, ನಮಗೆ ಆ ಡಬ್ಬದ ಮುಚ್ಚಳ ಕಾಣುತ್ತದೆ.

ಮುಹೂರ್ತ ಸಾಂಗವಾಗಿ ಮುಗಿಯಿತು. ಮೊದಲ ಪಂಕ್ತಿಯಲ್ಲೇ ಕೂತೆವು. ಕೋಸಂಬರಿ, ಪಲ್ಯ, ತೊವ್ವೆ ಮುಗಿದು, ಸಾರನ್ನ ಕಲಸಿದ್ದೆ. ಹೋಳಿಗೆಯ ತಟ್ಟೆ ಹಿಡಿದವನು ನಮ್ಮ ಸಾಲಿನ ತುದಿಗೆ ಬಂದು, ಅವನ ಹಿಂದೆಯೇ ತುಪ್ಪದವನೂ ಕಾಣಿಸಿಕೊಂಡ ಆ ಶುಭಗಳಿಗೆಯಲ್ಲಿ ಫೋನು ಬಡಿದುಕೊಂಡಿತು. ಬಲಗೈ ಎಂಜಲು. ಎಡಗೈಯಲ್ಲಿ ಒತ್ತಿದ್ದು ಅದೇನೋ, ಧ್ವನಿವರ್ಧಕ ಶುರುವಾಗಿ ಇಡೀ ಪಂಕ್ತಿಗೆ ಕೇಳುವಂತೆ ಆತನ ದನಿ ಹೊರಟಿತು.

‘ಮೇಷ್ಟ್ರೇ, ಗೌರಿ ಮಲೀಕಂಬುಟ್ಟವ್ಳೆ.’

ಕುದುರೆ ನಿಂತುಕೊಂಡೇ ನಿದ್ದೆ ಮಾಡುತ್ತದೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, ನಾನಂತೂ ಎಷ್ಟೋ ಮಕ್ಕಳಿಗೆ ಹೇಳಿಯೂ ಕೊಟ್ಟಿದ್ದೇನೆ. ಹಿಂಗಾಲಿನ ಮಂಡಿಚಿಪ್ಪನ್ನು ಸಿಕ್ಕಿಸಿಕೊಂಡು, ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲದೆ ನಿಂತು ತೂಕಡಿಸಬಲ್ಲ ಪ್ರಾಣಿ ಅದು. ಆದರೆ ಗಾಢನಿದ್ದೆಗೆ, ಕನಸು ಬೀಳುವ ನಿದ್ದೆಗೆ, ಕುದುರೆಯೂ ಮಲಗಲೇಬೇಕು, ಭಯವಿಲ್ಲವೆಂದು ಅನ್ನಿಸಿದ ಜಾಗದಲ್ಲಿ ದಿನಕ್ಕೆ ಒಂದಿಷ್ಟು ಹೊತ್ತು ಕಾಲು ಚಾಚಿ ಮಲಗುತ್ತದೆ. ಆದ್ದರಿಂದ ಕುದುರೆ ಮಲಗಿದೆಯೆಂದರೆ ಸಂತೋಷದ ಸಂಗತಿ. ಹೊಟ್ಟೆಶೂಲೆ ಬಂದ ಕುದುರೆಯೂ ಹೀಗೆಯೇ ಮಲಗುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು ಎಂಬುದೊಂದೇ ತೊಡಕು. ಎರಡರಲ್ಲಿ ಯಾವುದೆಂದು ಕಂಡುಹಿಡಿಯುವುದು ಸುಲಭ, ನೋಡುವ ಕಣ್ಣು ಅಲ್ಲಿರಬೇಕು ಅಷ್ಟೆ. ಅಲ್ಲಿದ್ದದ್ದು ಈತನ ಕಣ್ಣು.

‘ಹೊರಳಾಡ್ತಾ ಇದೆಯಾ?’

‘ಇಲ್ಲ.’

‘ಹೊಟ್ಟೆ ಕಡೆ ತಿರುತಿರುಗಿ ನೋಡ್ತಾ ಇದೆಯಾ?’

‘ಕಣ್ಣೇ ಮುಚ್ಕಂಡೈತಲ್ಲ ಮೇಷ್ಟ್ರೇ, ಹೆಂಗ್ ನೋಡ್ತದೆ?’

‘ಉಸಿರು?’

‘ತಡೀರಿ, ನೋಡ್ಕಂಬತ್ತೀನಿ.’

ಅವನು ನೋಡಿಕೊಂಡು ಬರಲು ಹೋದ. ಅಷ್ಟು ಹೊತ್ತೂ ಪಂಕ್ತಿಯಲ್ಲಿ ಒಬ್ಬರೂ ತುತ್ತು ಎತ್ತಲಿಲ್ಲ. ನನ್ನ ಎಡಕ್ಕಿದ್ದ ಹಿರಿಯರೊಬ್ಬರು ‘ಯಾರು, ತಾಯಿಯವರೇ?’ ಎಂದು ಮೆಲ್ಲನೆ ಕೇಳಿದರು. ಕುದುರೆಯೆಂದೆ. ಅವರ ಮುಖದಲ್ಲಿ ಮೂಡಿದ್ದು ನೆಮ್ಮದಿಯೋ ನಿರಾಶೆಯೋ ತಿಳಿಯಲಿಲ್ಲ. ಆದರೆ ಕೂಡಲೇ, ಇಂಗು ಮತ್ತು ಓಮವನ್ನು ಬಿಸಿನೀರಿನಲ್ಲಿ ಕುಡಿಸಬೇಕೆಂದರು. ಅವರ ಪಕ್ಕದವರು ಬೇಡವೆಂದರು, ಮಜ್ಜಿಗೆ ಎಂದರು. ಎದುರು ಸಾಲಿನಿಂದ ಒಬ್ಬರು ಕುದುರೆಯ ರಾಶಿ ನಕ್ಷತ್ರ ವಿಚಾರಿಸುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ನನ್ನ ಹೆಂಡತಿ, ಅಪ್ಪಟ ಸಸ್ಯಾಹಾರಿಗಳ ಆ ಪಂಕ್ತಿಯ ಮಧ್ಯೆ, ‘ಕೋಳಿ ಡಬ್ಬ ಮುಚ್ಚಿದ್ದಾನಾ ಕೇಳೀ’ ಎಂದು ಕೂಗಿದಳು.

ಕೇಳಿದೆ. ‘ಮುಚ್ಚಳ ತೆಗ್ದೈತೆ’ ಎಂದ. ಆಮೇಲೆ ಫೋನು ಸತ್ತುಹೋಯಿತು.

ಪಂಕ್ತಿಯ ಮಧ್ಯೆ ಏಳುವುದು ಎಂಥ ಅಮರ್ಯಾದೆಯೆಂದು ನಮ್ಮ ಮನೆಗಳಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾವಿಬ್ಬರೂ ಎದ್ದೆವು. ಹೋಳಿಗೆಯವನು ಆ ಕ್ಷಣದಲ್ಲಿ ನನ್ನಿಂದ ಎರಡು ಎಲೆ ಆಚೆಗಿದ್ದ. ಕಾರಿನಲ್ಲಿ ಕೂತು ಹೊಳೆನರಸೀಪುರ ದಾಟುವವರೆಗೂ ಅವನಿಗೆ ಫೋನು ಮಾಡುತ್ತಲೇ ಇದ್ದೆವು, ಚಂದಾದಾರರು ಸಂಪರ್ಕ ವ್ಯಾಪ್ತಿಯಲ್ಲಿಲ್ಲವೆಂದು ಆ ಹೆಣ್ಣುದನಿ ಅಷ್ಟೇ ವಿನಯದಿಂದ ಹೇಳುತ್ತಲೇ ಇತ್ತು. ಪಶುವೈದ್ಯರು ಸಿಕ್ಕರು. ಅವರು ಯಾವುದೋ ಹಸುವಿನ ಹೆರಿಗೆಯಲ್ಲಿದ್ದರು, ‘ಎಬ್ಬಿಸಿ ನಿಧಾನಕ್ಕೆ ನಡೆಸಿ’ ಎಂದರು. ಎಬ್ಬಿಸುವವನು ಫೋನಿಗೆ ಸಿಗದಿರುವಾಗ ನಡೆಸುವುದು ಹೇಗೆ?

ನನ್ನ ತಂದೆ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ದೊಡ್ಡ ಗಡಿಯಾರದ ಹತ್ತಿರ ಅವರ ಗಾಡಿ ನಿಲ್ಲುತ್ತಿತ್ತು. ಮನೆಯಲ್ಲಿ ಎಲ್ಲರ ಊಟಕ್ಕಿಂತ ಮೊದಲು ಹುರುಳಿ ಬೇಯುತ್ತಿತ್ತು, ಮದುವೆ-ಮುಂಜಿಗಳಿಗೆ ಅಮ್ಮ ನಮ್ಮನ್ನು ಕರೆದುಕೊಂಡು ಒಬ್ಬಳೇ ಹೋಗಿ, ‘ಯಜಮಾನರು ಬರಲಿಲ್ಲವೇ’ ಎಂದು ಕೇಳಿದವರಿಗೆಲ್ಲ ‘ಕುದುರೆ’ ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ಕುದುರೆಯನ್ನು ಬೇರೆಯವರ ಕೈಗೆ ಒಪ್ಪಿಸಿ ಹೊರಟದ್ದನ್ನು ನಾನು ಕಾಣೆ. ಅದು ಹಠವೆಂದು ಆಗ ಅನ್ನಿಸುತ್ತಿತ್ತು. ಅವರು ಹೋದಮೇಲೆ ಗಾಡಿ ಮಾರಿದೆವು, ಕುದುರೆಯನ್ನೂ ಕೊಟ್ಟೆವು, ನಾನು ಶಾಲೆಯ ಮೇಷ್ಟರಾಗಿ ನಿವೃತ್ತನಾಗುವವರೆಗೂ ಆ ವಾಸನೆ ಮಾತ್ರ ಮೂಗಿನಲ್ಲಿ ಉಳಿಯಿತು. ಗೌರಿಯನ್ನು ಕೊಳ್ಳುವಾಗ ಅದರ ಹಲ್ಲು ನೋಡಿ ವಯಸ್ಸು ಹೇಳಿದವರು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ ಎಂದಿದ್ದರು. ಲೆಕ್ಕ ಹಾಕಿದರೆ ಗೌರಿಯೂ ನಾನೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತೇವೆ. ಅದರ ಮಗನದೇ ಚಿಂತೆ. ಬಿಳಿಕೆರೆಯ ಹತ್ತಿರ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ನಿಂತಿದ್ದಾಗ ಇದೆಲ್ಲ ಹೊಳೆಯಿತು, ಹೆಂಡತಿಗೆ ಹೇಳಲಿಲ್ಲ. ಅವಳು ತನ್ನ ಅಕ್ಕನಿಗೆ ಹೇಗೆ ಮುಖ ತೋರಿಸುವುದೆಂಬ ಯೋಚನೆಯಲ್ಲಿದ್ದಳು.

ಮನೆ ಮುಟ್ಟಿದಾಗ ಗೌರಿ ನಿಂತುಕೊಂಡು ಹುಲ್ಲು ಮೇಯುತ್ತಿತ್ತು. ಬೆನ್ನ ಮೇಲೆ ಮಲಗಿದ್ದಾಗ ಅಂಟಿದ ಒಣಹುಲ್ಲಿನ ಎಸಳುಗಳು ಇನ್ನೂ ಇದ್ದವು. ಮಲಗಿದ್ದವನು ಈತ, ಹುಲ್ಲಿನ ಮೆದೆಗೆ ಒರಗಿ, ಬಾಯಿ ತೆರೆದು, ಯಾವ ಸಂದೇಹಕ್ಕೂ ಎಡೆಯಿಲ್ಲದಷ್ಟು ಜೋರಾಗಿ ಉಸಿರಾಡುತ್ತ. ಎಬ್ಬಿಸಿ ಕೇಳಿದೆವು.

‘ಆಗ್ಲೇ ಎದ್ದಳಲ್ಲ ಮೇಷ್ಟ್ರೇ. ನಾ ಉಸ್ರು ನೋಡಾಕೆ ಅಂತ ಮೂಗ್ ಮುಂದೆ ಕೈ ಇಟ್ಟೆ, ದಡಕ್ಕನೆ ಎದ್ದಳು.’

‘ಮುಚ್ಚಳ?’

‘ಕೋಳಿಗೆ ಹಾಕಾಕೆ ನಾನೇ ತೆಗ್ದಿದ್ದು. ತೆಗೀದೆ ಹೆಂಗ್ ಹಾಕ್ಲಿ? ನೀವು ಕೇಳಿದ್ರಿ, ತೆಗ್ದೈತೆ ಅಂದೆ.’

‘ಎದ್ದಳು ಅಂತ ಒಂದು ಫೋನು ಮಾಡಬಾರದಿತ್ತೇ?’

ಬ್ಯಾಟರಿ ಮುಗಿದಿತ್ತೆಂದು ಅವನು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಸುಳ್ಳು ನೆಪ ಹೇಳುವ ಜಾತಿಯವನಲ್ಲ ಅವನು. ‘ಎದ್ದ್ ಮ್ಯಾಕೆ ಯಾಕ್ ಮೇಷ್ಟ್ರೇ ಫೋನು?’ ಎಂದು ನನ್ನನ್ನೇ ಕೇಳಿದ, ಉತ್ತರ ನನಗೆ ಹೊಳೆಯುತ್ತದೆಂದು ಕಾದ.

ಅತ್ತಿಗೆಯವರು ಇನ್ನೂ ಮಾತಾಡಿಲ್ಲ. ನಾವು ಊಟ ಬಿಟ್ಟು ಎದ್ದದ್ದು ಕುದುರೆಗಾಗಿ ಎಂಬುದು ಅಲ್ಲಿದ್ದ ಎಲ್ಲರಿಗೂ ಕೇಳಿಸಿದ್ದರೂ, ವರದಕ್ಷಿಣೆಯಿಂದ ಹಿಡಿದು ಅಡುಗೆಯವರವರೆಗೆ ಹಲವು ಕಾರಣಗಳು ಹಾಸನದಲ್ಲಿ ಈಗಾಗಲೇ ಹಬ್ಬಿವೆಯಂತೆ. ಆದರೂ ಅವರು ದೊಡ್ಡ ಮನಸ್ಸಿನವರು. ನಾವು ಸಿಹಿ ಮುಟ್ಟಲಿಲ್ಲವೆಂದು ಮರುದಿನ ಮೈಸೂರಿಗೆ ಬರುವವರ ಕೈಯಲ್ಲಿ ಒಂದು ಡಬ್ಬ ಹೋಳಿಗೆ ಕಳಿಸಿದ್ದಾರೆಂದು ನಿನ್ನೆ ಅವರ ಮಗ ಫೋನಿನಲ್ಲಿ ತಿಳಿಸಿದ. ಯಾವ ಡಬ್ಬವೂ ನಮಗೆ ಬಂದಿರಲಿಲ್ಲ. ಸಂಜೆ ಕೋಳಿ ಮುಚ್ಚುವಾಗ ಬೇಲಿಯಾಚೆಯಿದ್ದ ಈತನನ್ನು ವಿಚಾರಿಸಿದೆ.

‘ಬಂದಿತ್ತಲ್ಲ ಮೇಷ್ಟ್ರೇ, ನೀವು ಬ್ಯಾಂಕಿಗೆ ಹೋಗಿದ್ರಿ. ಬಿಸ್ಲಲ್ಲಿಟ್ರೆ ಕೆಡ್ತದೆ ಅಂತ ತಿಂದೆ. ಗೌರಿಗೂ ಒಂದ್ ಕೊಟ್ಟೆ. ಚೆನ್ನಾಗಿತ್ತು. ಕೆಟ್ಟಿದ್ರೆ ಫೋನ್ ಮಾಡ್ತಿದ್ದೆ.’